ಓದಿನ ಕಿರ್ದಿ: ನನ್ನ ಅನುಭವ

ಮನೆ ಹಾಸನದಲ್ಲಿ, ಕೆಲಸ ಸಕಲೇಶಪುರದ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವುದು. ನಡುವಿನ ಸುಮಾರು 40 ಕಿಲೋಮೀಟರ್ ಬಸ್ ಪ್ರಯಾಣವೇ ನನ್ನ ಓದಿನ ಹೊತ್ತು. ಲೆಕ್ಕದವಳಾದ್ದರಿಂದ ಓದಿದ ಪುಸ್ತಕಗಳಿಗೂ ಪಟ್ಟಿ ಇಡುವ ಚಟ ಮೊದಲಿನಿಂದಲೂ ಇತ್ತು. ಆ ಪಟ್ಟಿ ಎಷ್ಟು ನಿರುಪಯುಕ್ತವೆಂಬುದು ಗೊತ್ತಾದದ್ದು 2025ರ ಮೇ ತಿಂಗಳಲ್ಲಿ, ನಮ್ಮೂರಿನ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ, ಆ ಪ್ರಶಸ್ತಿ ಪಡೆದ 'ಹಾರ್ಟ್ ಲ್ಯಾಂಪ್' ಸಂಕಲನದಲ್ಲಿರುವುದು 1990ರಿಂದ 2023ರ ನಡುವೆ ಬರೆದ ಕಥೆಗಳಿಂದ ಆಯ್ದ 12 ಕಥೆಗಳು. "ಮೇಡಂ, ನೀವು ಇವುಗಳಲ್ಲಿ ಯಾವ್ಯಾವುದನ್ನು ಓದಿದ್ದೀರಿ?" ಎಂದು ಬಸ್ಸಿನಲ್ಲಿ ಜೊತೆಗೆ ಬರುವ ಶಿಕ್ಷಕರೊಬ್ಬರು ಕೇಳಿದರು. ಮನೆಗೆ ಹೋಗಿ ಪಟ್ಟಿ ತೆರೆದೆ. "ಬಾನು ಮುಷ್ತಾಕ್, ಕಥೆಗಳು, ಮುಗಿಯಿತು" ಎಂಬ ಒಂದೇ ಸಾಲು ಅಲ್ಲಿತ್ತು. ಯಾವ ಕಥೆಗಳು, ಯಾವಾಗ, ಓದಿ ಏನನ್ನಿಸಿತು, ಒಂದೂ ಇರಲಿಲ್ಲ.

ಲೆಕ್ಕಪತ್ರದಲ್ಲಿ ಕಿರ್ದಿ ಎಂದರೆ ಆಯಾ ದಿನದ ವ್ಯವಹಾರವನ್ನು ಆಯಾ ದಿನವೇ, ನಡೆದ ಕ್ರಮದಲ್ಲಿ ಬರೆಯುವ ಪುಸ್ತಕ. ಅದರಿಂದ ಎತ್ತಿ ಹೆಸರುವಾರು ವಿಂಗಡಿಸಿದ್ದು ಖತಾವಣಿ. ನನ್ನ ಪಟ್ಟಿ ಕಿರ್ದಿಯೇ ಇಲ್ಲದ ಖತಾವಣಿಯಾಗಿತ್ತು. ಪುಸ್ತಕ ಮುಗಿದರೆ ಮಾತ್ರ ಅದರ ಹೆಸರು ಏರುತ್ತಿತ್ತು. ಅರ್ಧಕ್ಕೆ ಬಿಟ್ಟವು, ಗ್ರಂಥಾಲಯದ ಗಡುವು ಮುಗಿದು ಹಿಂತಿರುಗಿಸಿದವು, ವಾರಪತ್ರಿಕೆಯಲ್ಲಿ ಓದಿದ ಬಿಡಿ ಕಥೆಗಳು ಲೆಕ್ಕಕ್ಕೇ ಬರುತ್ತಿರಲಿಲ್ಲ. ಸಂಘದಲ್ಲಿ ಯಾರಾದರೂ ಹೀಗೆ ಲೆಕ್ಕ ಇಟ್ಟಿದ್ದರೆ ಆಡಿಟ್‌ನವರು ಸುಮ್ಮನೆ ಬಿಡುತ್ತಿರಲಿಲ್ಲ.

ಜೂನ್ ತಿಂಗಳಿನಿಂದ ಗಟ್ಟಿ ರಟ್ಟಿನ ಉದ್ದ ನೋಟ್‌ಬುಕ್ ಒಂದರಲ್ಲಿ ಕಿರ್ದಿ ಆರಂಭಿಸಿದೆ. ಮೊದಮೊದಲು ಬಸ್ಸಿನಲ್ಲಿಯೇ ಬರೆಯಲು ಹೋಗಿ, ಕುಲುಕಾಟದಲ್ಲಿ ನನ್ನ ಅಕ್ಷರ ನನಗೇ ಓದಲು ಬಾರದಂತಾಯಿತು. ಈಗ ಬಸ್ಸಿನಲ್ಲಿ ಬರೆಯುವುದಿಲ್ಲ. ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟನ್ನು ಓದು ನಿಲ್ಲಿಸಿದ ಪುಟದಲ್ಲಿ ಇಟ್ಟುಬಿಡುತ್ತೇನೆ. ಅದರ ಮೇಲೆ ದಿನಾಂಕವೂ ಸಮಯವೂ ಮುದ್ರಿತವಾಗಿರುತ್ತವೆಯಾದ್ದರಿಂದ, ರಾತ್ರಿ ಅಡುಗೆಮನೆಯ ಕೆಲಸ ಮುಗಿಸಿ ಕುಳಿತಾಗ ಯಾವ ಹೊತ್ತಿನಲ್ಲಿ ಎಲ್ಲಿಯವರೆಗೆ ಓದಿದೆನೆಂಬುದಕ್ಕೆ ಅದೇ ವೋಚರ್ ಆಗುತ್ತದೆ. ಶಾಖಕ್ಕೆ ಮೂಡುವ ಆ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸಿಹೋಗುವುದರಿಂದ ಟಿಕೆಟನ್ನು ನಂಬಿ ಬರವಣಿಗೆಯನ್ನು ಮುಂದೂಡುವಂತಿಲ್ಲ. ಎರಡು ಬಾರಿ ಮುಂದೂಡಿದೆ, ಎರಡು ಬಾರಿಯೂ ಬಿಳಿಯ ಚೂರು ಕಾಗದ ಉಳಿಯಿತು.

ಒಂದು ನಮೂದು ಹೀಗಿದೆ: "14-10-2025. ಪರ್ವ, ಮರು ಓದು. ಕುಂತಿಯ ನೆನಪುಗಳ ಭಾಗ, ನಾಲ್ಕೇ ಪುಟ. ಹಾಸನಾಂಬೆಯ ದರ್ಶನದ ಜನ, ನಿಂತೇ ಬಂದೆ. ಮೊದಲ ಸಲ ಓದಿದಾಗ ಬೇಸರ ತಂದಿದ್ದು ಇದೇ ಭಾಗ; ಈಗ ಬಿಡಲಾಗುತ್ತಿಲ್ಲ." ನಮ್ಮ ಜಿಲ್ಲೆಯ ಸಂತೇಶಿವರದವರಾದ ಭೈರಪ್ಪನವರು ಸೆಪ್ಟೆಂಬರ್ 24ರಂದು ತೀರಿಕೊಂಡ ಬಳಿಕ, 1979ರ ಆ ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಂಡಿದ್ದೆ. ನಿಂತು ಬಂದೆನೆಂಬ ಮಾತು ಓದಿನ ದಾಖಲೆಯಲ್ಲಿ ಏಕೆಂದು ಕೇಳಬಹುದು. ಆ ಒಂದು ಮಾತಿನಿಂದಲೇ ಆ ಸಂಜೆಯೂ ಆ ನಾಲ್ಕು ಪುಟಗಳೂ ಈಗಲೂ ಕಣ್ಣಿಗೆ ಕಟ್ಟುತ್ತವೆ. "ಚೆನ್ನಾಗಿದೆ" ಎಂದು ಬರೆದ ಹಳೆಯ ಸಾಲುಗಳಿಂದ ಏನೂ ನೆನಪಾಗುವುದಿಲ್ಲ. ಅಂಕ ಕೊಡುವುದನ್ನೂ ಅದಕ್ಕಾಗಿಯೇ ಕೈಬಿಟ್ಟೆ. ಕಥಾಸಂಕಲನವಾದರೆ ಪ್ರತಿ ಕಥೆಗೂ ಬೇರೆ ಸಾಲು. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಇದನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡಲಿಲ್ಲವೇ ಎಂದರೆ, ಹಿಂದೊಮ್ಮೆ ಮಾಡಿದ್ದೆ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪಿಸಿದ್ದ ಆ ಕಡತವನ್ನು ಮೊಬೈಲಿನಲ್ಲಿ ತೆರೆದಾಗ ಕನ್ನಡದ ಬದಲು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣಿಸಿತು. ಪರಿವರ್ತಿಸಿಕೊಳ್ಳಬಹುದಿತ್ತು, ಮನಸ್ಸಾಗಲಿಲ್ಲ. ಆಮೇಲೆ ಬಳಸಿದ ಆ್ಯಪ್ ಒಂದು ವರ್ಷಕ್ಕೆ ಇಷ್ಟು ಪುಸ್ತಕವೆಂದು ಗುರಿ ಕೇಳಿತು. ಗುರಿ ಮುಟ್ಟುವ ಆಸೆಯಿಂದ ನಾನು ತೆಳುವಾದ ಪುಸ್ತಕಗಳನ್ನೇ ಹುಡುಕಲಾರಂಭಿಸಿದ್ದನ್ನು ಗಮನಿಸಿ ಅದನ್ನೂ ತೆಗೆದುಹಾಕಿದೆ.

ತಿಂಗಳ ಕೊನೆಯ ಭಾನುವಾರ ಲೆಕ್ಕ ಮುಗಿಸುತ್ತೇನೆ. ಓದಿ ಮುಗಿಸದ ಪುಸ್ತಕಗಳನ್ನು ಆಖೈರು ಶಿಲ್ಕು, ಅಂದರೆ ಕೊನೆಗೆ ಉಳಿದ ಬಾಕಿ, ಎಂದು ಬರೆದು, ನಿಂತ ಪುಟದ ಸಂಖ್ಯೆಯೊಂದಿಗೆ ಮುಂದಿನ ತಿಂಗಳ ಆರಂಭ ಶಿಲ್ಕಿಗೆ ಒಯ್ಯುತ್ತೇನೆ. ಮೂರು ತಿಂಗಳು ಒಂದೇ ಪುಟದಲ್ಲಿ ನಿಂತದ್ದನ್ನು, ನಿಲ್ಲಿಸಿದ ಕಾರಣ ಬರೆದು ವಜಾ ಮಾಡುತ್ತೇನೆ. ಈ ಕಾರಣಗಳನ್ನು ಒಟ್ಟಾಗಿ ಓದಿದಾಗ ನನಗೆ ಕಂಡದ್ದೇನೆಂದರೆ, ಹೆಚ್ಚಿನ ಪುಸ್ತಕಗಳನ್ನು ಬಿಟ್ಟದ್ದು ಅವು ಕೆಟ್ಟದ್ದೆಂದಲ್ಲ, ಬಸ್ಸಿನಲ್ಲಿ ಹಿಡಿಯಲಾರದಷ್ಟು ದಪ್ಪವೆಂದು. ಅಂಥವನ್ನು ಈಗ ಭಾನುವಾರಕ್ಕೆಂದು ಮನೆಯಲ್ಲಿಯೇ ಇಡುತ್ತೇನೆ. ಈ ತಿಂಗಳ ಆರಂಭ ಶಿಲ್ಕು ಮೂರು ಪುಸ್ತಕ. ಅದರಲ್ಲೊಂದನ್ನು ಪಕ್ಕದ ಮನೆಯ ಅಕ್ಕ ಓದಲು ಒಯ್ದಿದ್ದಾರೆ, ಅದರೊಳಗಿದ್ದ ಟಿಕೆಟ್ ಸಮೇತ.