ಸ್ನೋಮೊಬೈಲ್ ಟ್ರ್ಯಾಕ್: ಆಯ್ಕೆಯ ಲೆಕ್ಕ, ಬದಲಿಸುವ ಕೆಲಸ

ಹಿಮದ ಮೇಲೆ ಓಡುವ ಗಾಡಿ ಸ್ನೋಮೊಬೈಲ್. ಅದರ ಅಡಿಯಲ್ಲಿ ಸುತ್ತುತ್ತಾ ಗಾಡಿಯನ್ನು ಮುಂದೆ ತಳ್ಳುವ ರಬ್ಬರ್ ಪಟ್ಟಿಯೇ ಟ್ರ್ಯಾಕ್. ಹೊಸ ಟ್ರ್ಯಾಕ್ ಕೊಳ್ಳುವಾಗ ಎಲ್ಲರೂ ಉದ್ದ, ಅಗಲ ನೋಡುತ್ತಾರೆ, ಪಿಚ್ ಮರೆಯುತ್ತಾರೆ. ದುಡ್ಡು ಹಾಳಾಗುವುದು ಇಲ್ಲೇ. ಟ್ರ್ಯಾಕ್‌ನ ಅಗಲಕ್ಕೆ ಅಡ್ಡಡ್ಡ ಇರುವ ಒಂದು ಸಾಲಿನ ನಡುವಿನಿಂದ ಮುಂದಿನ ಸಾಲಿನ ನಡುವಿಗಿರುವ ದೂರವೇ ಪಿಚ್. ಹೆಚ್ಚಾಗಿ ಸಿಗುವುದು 2.52, 2.86, 3 ಇಂಚು. ಕೆಲವು ಪರ್ವತ ಮಾದರಿಗಳಲ್ಲಿ 3.5. ಟ್ರ್ಯಾಕನ್ನು ತಿರುಗಿಸುವ ಡ್ರೈವ್ ಶಾಫ್ಟಿನ ಹಲ್ಲುಚಕ್ರವೂ ಅದೇ ಪಿಚ್‌ನದಾಗಿರಲೇಬೇಕು. 136 ಇಂಚಿನ ಟ್ರ್ಯಾಕ್ ಸಾಮಾನ್ಯವಾಗಿ 2.52ರ 54 ಸಾಲು, 137 ಇಂಚಿನದು 2.86ರ 48 ಸಾಲು. ನೋಡಲು ಒಂದೇ ಇಂಚಿನ ಅಂತರ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹತ್ತು ಪಿಚ್‌ಗಳಷ್ಟು ದೂರವನ್ನು ಒಟ್ಟಿಗೆ ಅಳೆದು ಹತ್ತರಿಂದ ಭಾಗಿಸಿ, ಲೆಕ್ಕ ತಪ್ಪುವುದಿಲ್ಲ.

ಆಮೇಲೆ ಲಗ್‌ಗಳ, ಅಂದರೆ ಹಿಮವನ್ನು ಹಿಡಿಯುವ ಹೊರಮೈಯ ರಬ್ಬರ್ ಉಬ್ಬುಗಳ ಎತ್ತರ. ಗಟ್ಟಿಯಾದ ಹಾದಿಗೆ 1ರಿಂದ 1.25 ಇಂಚು, ಹಾದಿ ಮತ್ತು ಹೊಸ ಹಿಮ ಎರಡಕ್ಕೂ 1.5ರಿಂದ 2, ಆಳದ ಪುಡಿಹಿಮಕ್ಕೆ 2.25ರಿಂದ 3. ಎತ್ತರ ಹೆಚ್ಚಿದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ಗಟ್ಟಿ ನೆಲದಲ್ಲಿ ಎತ್ತರದ ಲಗ್ ಬಾಗುತ್ತದೆ, ವೇಗ ಕುಗ್ಗುತ್ತದೆ. ಟ್ರ್ಯಾಕ್ ವೇಗವಾಗಿ ತಿರುಗುವಾಗ ಹೊರಕ್ಕೆ ಉಬ್ಬುವುದರಿಂದ, ನಿಂತಾಗ ತಾಗದ ಲಗ್ ಓಡುವಾಗ ಟ್ರ್ಯಾಕ್‌ನ ಮೇಲಿರುವ ಕೂಲರಿಗೆ (ಎಂಜಿನ್ ತಂಪಾಗಿಸುವ ಭಾಗ) ಉಜ್ಜಿ ಅದನ್ನು ತೂತು ಮಾಡಬಹುದು. ಜಾಗ ಸಾಲದಿದ್ದರೆ ಕಡಿಮೆ ಹಲ್ಲಿನ ಡ್ರೈವ್ ಚಕ್ರ ಹಾಕುತ್ತಾರೆ. ಆಗ ಗೇರಿಂಗ್ ಲೆಕ್ಕವೂ ಬದಲಾಗುತ್ತದೆ.

ಹಳೆಯದು ಮುಗಿದಿದೆಯೇ ಎಂದು ತಿಳಿಯಲು ಒಂದೊಂದೇ ಸಾಲನ್ನು ಕೈಯಿಂದ ಬಗ್ಗಿಸಿ. ಒಳಗಿನ ಫೈಬರ್‌ಗ್ಲಾಸ್ ಕಡ್ಡಿ ಸರಿಯಿದ್ದರೆ ಸಾಲು ಬಿಗಿಯಾಗಿರುತ್ತದೆ. ಮುರಿದಿದ್ದರೆ ಆ ಜಾಗ ಒದ್ದೆ ಚಪ್ಪಲಿಯಂತೆ ಮಡಚಿಕೊಳ್ಳುತ್ತದೆ. ಅಂಚಿನಲ್ಲಿ ನೂಲು ಕಂಡರೆ, ಹಲ್ಲುಚಕ್ರ ಕೂರುವ ತೂತುಗಳಾದ ಕಿಟಕಿಗಳ ಮೂಲೆಯಲ್ಲಿ ಬಿರುಕು ಬಿಟ್ಟಿದ್ದರೆ ತೇಪೆ ಹಾಕುತ್ತಾ ಕೂರಬೇಡಿ.

ಬಿಚ್ಚುವ ಮೊದಲು ಬ್ಯಾಟರಿ ತೆಗೆಯಿರಿ, ಪೆಟ್ರೋಲ್ ಕಡಿಮೆ ಮಾಡಿ. ಗಾಡಿಯನ್ನು ಮಗ್ಗುಲಿಗೆ ಮಲಗಿಸಬೇಕಾಗುತ್ತದೆ. ಹಿಂದಿನ ಆಕ್ಸಲ್ ಬೋಲ್ಟ್ ಮತ್ತು ಎರಡೂ ಕಡೆಯ ಟೆನ್ಷನ್ ಬೋಲ್ಟ್ (ಟ್ರ್ಯಾಕನ್ನು ಬಿಗಿ, ಸಡಿಲ ಮಾಡುವವು) ಸಡಿಲಿಸಿ. ಸಸ್ಪೆನ್ಷನ್ ಹಿಡಿದಿರುವ ಬೋಲ್ಟ್‌ಗಳು ಸಾಮಾನ್ಯವಾಗಿ ನಾಲ್ಕು. ಅವನ್ನು ಬಿಚ್ಚಿದರೆ ಇಡೀ ಚೌಕಟ್ಟು ಹೊರಬರುತ್ತದೆ. ಚೈನ್‌ಕೇಸ್ (ಡ್ರೈವ್ ಶಾಫ್ಟನ್ನು ತಿರುಗಿಸುವ ಚೈನ್ ಇರುವ ಪೆಟ್ಟಿಗೆ) ಇರುವ ಗಾಡಿಯಾದರೆ ಆಯಿಲ್ ಇಳಿಸಿ, ಚೈನ್ ಟೆನ್ಷನ್ ಸಡಿಲಿಸಿ, ಕೆಳಗಿನ ಗೇರ್ ತೆಗೆಯಿರಿ. ಇನ್ನೊಂದು ಬದಿಯ ಬೇರಿಂಗ್ ಹಿಡಿಕೆ, ಸ್ಪೀಡ್ ಸೆನ್ಸರ್ ಬಿಚ್ಚಿ ಡ್ರೈವ್ ಶಾಫ್ಟ್ ಎಳೆದರೆ ಟ್ರ್ಯಾಕ್ ಕೈಗೆ ಬರುತ್ತದೆ. ಶಾಫ್ಟಿನ ಬೇರಿಂಗ್, ಸೀಲ್, ಟ್ರ್ಯಾಕ್ ಜಾರುವ ಸ್ಲೈಡ್ ಪಟ್ಟಿ ಸವೆದಿದ್ದರೆ ಈಗಲೇ ಬದಲಿಸಿ, ಮತ್ತೆ ಇಷ್ಟು ಬಿಚ್ಚುವ ಕೆಲಸ ಯಾರಿಗೂ ಬೇಡ.

ಸುರುಳಿಯಾಗಿ ಬಂದ ಹೊಸ ಟ್ರ್ಯಾಕನ್ನು ಬೆಚ್ಚಗಿನ ಕೋಣೆಯಲ್ಲಿ ಒಂದು ರಾತ್ರಿ ಬಿಡಿಸಿಡಿ, ಬಗ್ಗುವುದು ಸುಲಭ. ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕು. ಗುರುತಿಲ್ಲದಿದ್ದರೆ ಬಿಚ್ಚುವ ಮೊದಲೇ ಹಳೆಯದರ ಫೋಟೊ ತೆಗೆದಿಡಿ. ಜೋಡಣೆ ಇದೇ ಕ್ರಮದ ತಿರುವುಮುರುವು. ಬೋಲ್ಟ್‌ಗಳ ಟಾರ್ಕ್ (ಬಿಗಿಸುವ ಬಲ) ಗಾಡಿಯ ಕೈಪಿಡಿಯಲ್ಲಿರುವಷ್ಟೇ. ಚೈನ್‌ಕೇಸ್‌ಗೆ ಹೊಸ ಆಯಿಲ್ ತುಂಬುವುದನ್ನು ಮರೆಯಬೇಡಿ.

ಬಿಗಿ ನೋಡಲು ಗಾಡಿಯ ಹಿಂಭಾಗವನ್ನು ಎತ್ತಿ, ಟ್ರ್ಯಾಕ್‌ನ ಕೆಳಭಾಗದ ನಡುವೆ ಕೈಪಿಡಿ ಹೇಳಿದ ತೂಕ ತೂಗಿಬಿಟ್ಟು ಎಷ್ಟು ಜೋಲುತ್ತದೆಂದು ಅಳೆಯಿರಿ. ಸಡಿಲವಾದರೆ ಹಲ್ಲುಚಕ್ರ ಜಿಗಿದು ಟಕಟಕ ಸದ್ದು ಮಾಡುತ್ತದೆ. ಅತಿ ಬಿಗಿಯಾದರೆ ಸ್ಲೈಡ್ ಪಟ್ಟಿ ಸವೆದು ಬೇರಿಂಗ್ ಸಾಯುತ್ತದೆ. ಬಳಿಕ ಎಂಜಿನನ್ನು ನಿಧಾನ ವೇಗದಲ್ಲಿ ಓಡಿಸಿ, ಹಿಂದೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಎಂಜಿನ್ ಪೂರ್ತಿ ನಿಂತ ಮೇಲೆಯೇ ಹತ್ತಿರ ಹೋಗಿ. ಟ್ರ್ಯಾಕ್ ಎಡಕ್ಕೆ ಸರಿದಿದ್ದರೆ ಎಡಗಡೆಯ ಟೆನ್ಷನ್ ಬೋಲ್ಟನ್ನು ಕಾಲು ಸುತ್ತು ಬಿಗಿಗೊಳಿಸಿ ಮತ್ತೆ ನೋಡಿ. ಹೊಸ ರಬ್ಬರ್ ಹಿಗ್ಗುವುದರಿಂದ ಮೊದಲ ಸವಾರಿ ಮುಗಿದ ಕೂಡಲೇ ಬಿಗಿ, ನೇರ ಎರಡನ್ನೂ ಮತ್ತೊಮ್ಮೆ ಅಳೆಯಿರಿ.