ಗಟ್ಟಿ ಸ್ಟೀಲ್ ಹಾಕಿದ್ರೂ ಶಾಫ್ಟ್ ಮುರೀತು, ಯಾಕೆ?

ಗಂಗಾವತಿ ಕಡೆ ಒಂದು ರೈಸ್ ಮಿಲ್. ಅಲ್ಲಿ ಬ್ಲೋವರ್ ಶಾಫ್ಟು ಮೂರು ತಿಂಗಳಲ್ಲಿ ಎರಡು ಸಲ ಕಟ್ಟಾಯ್ತು, ಎರಡೂ ಸಲ ಪುಲ್ಲಿ ಕಡೆ ಬೇರಿಂಗ್ ಕೂರೋ ಸ್ಟೆಪ್ಪಲ್ಲೇ (ಶಾಫ್ಟು ದಪ್ಪದಿಂದ ಸಣ್ಣಕ್ಕೆ ಇಳಿಯೋ ಮೆಟ್ಟಿಲು). ಮೊದಲನೇದು ಇಎನ್-8 ಅನ್ನೋ ಸಾಮಾನ್ಯ ಶಾಫ್ಟ್ ಸ್ಟೀಲು, ಏಳು ವಾರ ಓಡ್ತು. ಸಾಹುಕಾರ್ರು "ಮಾಲೇ ಡೂಪ್ಲಿಕೇಟ್ ಐತ್ರಿ" ಅಂತ ರೇಗಿ, ದುಡ್ಡು ಸುರಿದು ಅದಕ್ಕಿಂತ ಗಟ್ಟಿ ಸ್ಟೀಲು ಇಎನ್-24 ಹಾಕಿಸಿದ್ರು. ಅದು ಐದೇ ವಾರ. ಆಮೇಲೆ ನನಗೆ ಫೋನು.

ನಾ ಹೋಗೋ ಹೊತ್ತಿಗೆ ಫಿಟ್ಟರ್ ಹುಡುಗ ಎರಡೂ ತುಂಡು ಜೋಡಿಸಿ ತಿರುವಿ ತಿರುವಿ "ನೋಡ್ರಿ ಸರ್, ಎಷ್ಟು ಕರೆಕ್ಟ್ ಕೂಡ್ತದ" ಅಂತ ತೋರಿಸ್ತಿದ್ದ. ಏ ತಮ್ಮಾ ಬಿಡು ಅಂತ ಕಿತ್ಕೊಂಡೆ, ಹಂಗೆ ಉಜ್ಜಿದ್ರೆ ಇರೋ ಗುರುತೆಲ್ಲ ಅಳಿಸಿ ಹೋಗ್ತದೆ. ಡೀಸೆಲಲ್ಲಿ ಅದ್ದಿ ಮೆತ್ತನೆ ಪೇಂಟ್ ಬ್ರಷ್ಷಲ್ಲಿ ತೊಳೆದು (ವೈರ್ ಬ್ರಷ್ ಮಾತ್ರ ಮುಟ್ಟಿಸಬೇಡಿ) ಟಾರ್ಚನ್ನ ಓರೆಯಾಗಿ ಹಿಡಿದೆ.

ಬೇಸಿಗೇಲಿ ಕೆರೆ ನೀರು ಇಳೀತಾ ಇಳೀತಾ ದಡದಲ್ಲಿ ಗೆರೆ ಬಿಟ್ಟು ಹೋಗ್ತದಲ್ಲ, ಹಂಗೇ ಗೆರೆ ಮೇಲೆ ಗೆರೆ, ಅಂಚಿಂದ ಒಳಕ್ಕೆ. ಇದಕ್ಕೇ ಫಟೀಗ್ ಅನ್ನೋದು, ಲೋಹ ಮತ್ತೆ ಮತ್ತೆ ಬಗ್ಗಿ ದಣಿದು ಬಿರಿಯೋದು. ಬಿರುಕು ದಿನಾ ಸ್ವಲ್ಪ ಸ್ವಲ್ಪ ಮುಂದೆ ಹೋಗಿದೆ. ಸುತ್ತ ಅಂಚಲ್ಲಿ ಗರಗಸದ ಹಲ್ಲಿನ ಥರ ಸಣ್ಣ ಸಣ್ಣ ಮೆಟ್ಟಿಲು, ಅಂದ್ರೆ ಬಿರುಕು ಒಂದೇ ಜಾಗದಲ್ಲಿ ಅಲ್ಲ, ಹತ್ತಾರು ಕಡೆ ಒಟ್ಟಿಗೇ ಶುರುವಾಗಿದೆ. ನಡುವೆ ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ ಒರಟು ಒರಟು, ಕೊನೇಲಿ ಪಟ್ ಅಂದಿದ್ದು ಅಷ್ಟೇ. 50 ಎಂಎಂ ಶಾಫ್ಟು ಅಷ್ಟು ಚೂರಲ್ಲಿ ಲೋಡ್ ಹೊತ್ಕೊಂಡು ನಿಂತಿತ್ತು ಅಂದ್ಮೇಲೆ ಮಾಲ್ ವೀಕ್ ಅನ್ನೋಕೆ ಬಾಯಿ ಬರಲ್ಲ.

ಸ್ಟೆಪ್ ಮೂಲೇಲಿ ಉಗುರಾಡಿಸಿದೆ, ಸಿಕ್ಕಿಕೊಳ್ತು. ಟರ್ನರು ಚೂಪು ಟೂಲಲ್ಲಿ ಕಡಿದು ಹಂಗೇ ಬಿಟ್ಟಿದ್ದ, ರೇಡಿಯಸ್ಸೇ (ಮೂಲೆಯ ದುಂಡು) ಇಲ್ಲ. ಅಂಥ ಮೂಲೇಲಿ ಸ್ಟ್ರೆಸ್ಸು ಎರಡು ಮೂರು ಪಟ್ಟು ಏರ್ತದೆ. 720 ಆರ್‌ಪಿಎಂ, ದಿನಕ್ಕೆ 16 ತಾಸು ಅಂದ್ರೆ ಸುಮಾರು ಏಳು ಲಕ್ಷ ಸಲ ಬಗ್ಗಿ ಬಗ್ಗಿ ಏಳ್ತದೆ ಪಾಪ. ಇಎನ್-24 ಗಟ್ಟಿ ಹೌದು, ಆದ್ರೆ ಗಟ್ಟಿ ಸ್ಟೀಲಿಗೆ ಇಂಥ ಗೀರು ಇನ್ನೂ ಜಾಸ್ತಿ ನಾಟ್ತದೆ.

ಇದೇನು ಹೊಸ ವಿಷಯ ಅಲ್ಲ. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಹತ್ರ ಆಕ್ಸಲ್ ಮುರಿದು ರೈಲು ಬಿತ್ತಲ್ಲ, ಆ ಕಾಲದಲ್ಲೇ ರ್‍ಯಾಂಕಿನ್ ಅನ್ನೋ ಇಂಜಿನಿಯರ್ ಮುರಿದ ಆಕ್ಸಲ್‌ಗಳನ್ನ ನೋಡಿ ಮೂಲೆ ದುಂಡಗೆ ಮಾಡಿ ಅಂದಿದ್ದ.

ಆದ್ರೆ ಅಷ್ಟೊಂದು ಬಗ್ಗಿದ್ದಾದ್ರೂ ಯಾಕೆ? ಪುಲ್ಲಿ ನೋಡಿದ್ರೆ ಗ್ರೂವ್ ಸವೆದು ಬೆಲ್ಟು ತಳಕ್ಕೆ ಕೂತಿತ್ತು, ಸ್ಲಿಪ್ ಆಗ್ತದೆ ಅಂತ ಹುಡುಗ ವಾರ ವಾರ ಮೋಟರ್ ಹಿಂದಕ್ಕೆ ಎಳೆದು ಬೆಲ್ಟನ್ನ ವೀಣೆ ತಂತಿ ಥರ ಬಿಗಿದಿದ್ದ. ಪುಲ್ಲಿ ಬದಲಾಯಿಸಿದೆ. ಶಾಫ್ಟಿಗೆ ವಾಪಸ್ ಇಎನ್-8ಏ, 3 ಎಂಎಂ ರೇಡಿಯಸ್ ಕೊಟ್ಟು ಎಮರಿ ಹೊಡೆದು ನುಣ್ಣಗೆ ಮಾಡಿಸಿದೆ. ಇಲ್ಲೊಂದು ಕಿರಿಕಿರಿ: 6310 ಬೇರಿಂಗಿನ ಮೂಲೆ 2 ಎಂಎಂ, ಅದು 3ರ ಮೇಲೆ ಹತ್ತಿ ಕೂತ್ಬಿಡ್ತದೆ, ಶೋಲ್ಡರಿಗೆ (ಸ್ಟೆಪ್ಪಿನ ಗೋಡೆಗೆ) ತಾಗಲ್ಲ. ಅದಕ್ಕೆ ಒಳಗಡೆ ಅಂಚನ್ನ ಓರೆಯಾಗಿ ಕಡಿದ (ಚಾಂಫರ್) ಒಂದು ಸ್ಪೇಸರ್ ರಿಂಗ್ ಮಧ್ಯ ಹಾಕ್ದೆ.

ಈಗ ಎರಡನೇ ಸೀಸನ್ನು, ಶಾಫ್ಟು ಅದೇ. ಸಾಹುಕಾರ್ರು ಮಾತ್ರ ಇವತ್ತಿಗೂ ಇಎನ್-24 ಕೊಟ್ಟ ಅಂಗಡಿಯವನ ಹತ್ರ ದುಡ್ಡು ವಾಪಸ್ ಕೇಳ್ತಾನೇ ಇದಾರೆ.