ಮಳೆಗಾಲದಲ್ಲಿ ಕಂಪ್ಯೂಟರ್ ಆನ್ ಆಗ್ತಿಲ್ವಾ? ಶಿವಮೊಗ್ಗಕ್ಕೆ ಹೊರುವ ಮೊದಲು ಇಷ್ಟು ನೋಡಿ

ಮಲೆನಾಡಿನಲ್ಲಿ ಮಳೆ ಹಿಡಿಯಿತು ಅಂದರೆ ಮನೆಯ ಕಂಪ್ಯೂಟರ್ ಕೈಕೊಡುವುದು ಜಾಸ್ತಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯೂ ಜಡಿಮಳೆ ಬಿಡುವುದಿಲ್ಲ. ಗೋಡೆಯಲ್ಲಿ ನೀರು ಒಸರುತ್ತದೆ, ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಅಂಥ ಮನೆಯ ಮೂಲೆಯಲ್ಲಿ ವಾರಗಟ್ಟಲೆ ಆನ್ ಮಾಡದೆ ಇಟ್ಟ ಸಿಪಿಯು ಡಬ್ಬದ ಒಳಗೂ ಅದೇ ಥಂಡಿ ಹೊಕ್ಕಿರುತ್ತದೆ. ಅದರ ಮೇಲೆ ಹೋಗಿ ಬಂದು ಮಾಡುವ ಕರೆಂಟು, ಗುಡುಗು, ಸಿಡಿಲು.

ಹಾಗಾಗಿ ಬಟನ್ ಒತ್ತಿದರೆ ಏನೂ ಆಗಲಿಲ್ಲ ಅಂತ ತಕ್ಷಣ ಅದನ್ನು ಶಿವಮೊಗ್ಗದ ಬಸ್ಸಿಗೆ ಹಾಕಬೇಡಿ. ಎಷ್ಟೋ ಸಲ ಒಳಗೆ ಯಾವ ಭಾಗವೂ ಸುಟ್ಟಿರುವುದಿಲ್ಲ. ಕಂಪ್ಯೂಟರ್ ಎಲ್ಲಿಯವರೆಗೆ ಬಂದು ನಿಂತಿದೆ ಅನ್ನುವುದನ್ನು ಹಿಡಿದರೆ ಅರ್ಧ ಕೆಲಸ ಮುಗಿಯಿತು. ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಒಳಗಿನ ಫೈಲುಗಳನ್ನು ಕಾಪಿ ಮಾಡಿಕೊಳ್ಳುವ ತನಕ ಯಾರು ಹೇಳಿದರೂ ಫಾರ್ಮ್ಯಾಟ್ ಮಾಡಿಸಬೇಡಿ. ವಿಂಡೋಸ್ ಮತ್ತೆ ಹಾಕಬಹುದು. ಅಡಕೆ ಲೆಕ್ಕ, ಮಕ್ಕಳ ಪ್ರಾಜೆಕ್ಟ್, ಅಜ್ಜಿಯ ಫೋಟೋ ಮತ್ತೆ ಎಲ್ಲಿಂದ ತರುತ್ತೀರಿ?

ಫ್ಯಾನೂ ತಿರುಗುತ್ತಿಲ್ಲ, ದೀಪವೂ ಇಲ್ಲ

ಅಂದರೆ ಕರೆಂಟೇ ಒಳಗೆ ಹೋಗುತ್ತಿಲ್ಲ. ಮೊದಲು ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಮನೆಯಲ್ಲಿ ಬಲ್ಬು ಮಂಕಾಗಿ ಉರಿಯುತ್ತಿದ್ದರೆ ವೋಲ್ಟೇಜ್ 230ಕ್ಕಿಂತ ಬಹಳ ಕೆಳಗೆ ಇಳಿದಿದೆ ಅಂತ ಅರ್ಥ, ಸುಮ್ನೆ ಬಟನ್ ಒತ್ತುತ್ತಾ ಕೂರುವುದಕ್ಕಿಂತ ಸ್ವಲ್ಪ ಹೊತ್ತು ಕಾಯುವುದು ವಾಸಿ. ಯುಪಿಎಸ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ. ಕೆಲವು ವರ್ಷ ಹಳೆಯದಾದ ಯುಪಿಎಸ್‌ನ ಬ್ಯಾಟರಿ ಸತ್ತು, ದೂರು ಕಂಪ್ಯೂಟರ್ ಮೇಲೆ ಬರುವುದು ತೀರಾ ಸಾಮಾನ್ಯ. ಡಬ್ಬದ ಹಿಂದೆ, ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಪಕ್ಕ ಒಂದು ಸಣ್ಣ ಸ್ವಿಚ್ ಇರುತ್ತದೆ, ಗುಡಿಸುವಾಗ ಕೈತಾಗಿ ಆಫ್ ಆಗಿರಬಹುದು. ಪವರ್ ಕೇಬಲ್ ಮೇಲೆ ಅನುಮಾನವಿದ್ದರೆ ಮಾನಿಟರ್‌ನದ್ದನ್ನು ಕಿತ್ತು ಹಾಕಿ ನೋಡಿ, ಹೆಚ್ಚಿನ ಮಾನಿಟರ್‌ಗಳಿಗೆ ಅದೇ ಕೇಬಲ್ ಇರುತ್ತದೆ.

ಇದ್ಯಾವುದೂ ಅಲ್ಲದಿದ್ದರೆ ಕೇಬಲ್ ಕಿತ್ತು, ಪವರ್ ಬಟನ್ನನ್ನು 30 ಸೆಕೆಂಡು ಒತ್ತಿ ಹಿಡಿದು, ಮತ್ತೆ ಹಾಕಿ ಆನ್ ಮಾಡಿ. ಒಳಗೆ ಉಳಿದ ವಿದ್ಯುತ್ ಇಳಿದುಹೋಗಿ ಕೆಲವು ಸಲ ಇಷ್ಟಕ್ಕೇ ಸರಿಯಾಗುತ್ತದೆ. ಆಗಲೂ ಜೀವ ಬರದಿದ್ದರೆ ಎಸ್‌ಎಂಪಿಎಸ್ ಹೋಗಿರುವ ಸಾಧ್ಯತೆ ಹೆಚ್ಚು. ಅದನ್ನು ಇಡಿಯಾಗಿ ಬದಲಾಯಿಸಬಹುದು, ಬಿಚ್ಚಿ ನೋಡಲು ಮಾತ್ರ ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ನಿಂತಿರಬಹುದು.

ಸಿಡಿಲು ಹೊಡೆದ ಮೇಲೆ ಕೆಟ್ಟಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ, ಮತ್ತೆ ಆನ್ ಮಾಡಲೇಬೇಡಿ. ಪವರ್ ಕೇಬಲ್ ಕಿತ್ತಿಟ್ಟೂ ಹಾಳಾಗುತ್ತದೆ, ಯಾಕೆಂದರೆ ಇಂಟರ್‌ನೆಟ್‌ನ ಲ್ಯಾನ್ ವೈರಿನ ಮೂಲಕವೂ ಸಿಡಿಲಿನ ಹೊಡೆತ ಒಳಗೆ ಬರುತ್ತದೆ. ಗುಡುಗು ಶುರುವಾಗುವ ಮೊದಲೇ ಎರಡನ್ನೂ ಕೀಳುವ ಅಭ್ಯಾಸವನ್ನು ಮನೆಯವರೆಲ್ಲರೂ ಮಾಡಿಕೊಳ್ಳಬೇಕು.

ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ನಮ್ಮ ಕಡೆ ಮಳೆಗಾಲದಲ್ಲಿ ಇದೇ ಜಾಸ್ತಿ. ಇದನ್ನು ನೀವೇ ಸರಿಮಾಡುವ ಅವಕಾಶವೂ ಜಾಸ್ತಿ. ಮಾನಿಟರ್ ಕೇಬಲ್ ಎರಡೂ ತುದಿಯಲ್ಲಿ ಬಿಗಿಯಾಗಿದೆಯಾ ನೋಡಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಹೋಗಿರಬೇಕು. ಅದು ಸರಿ ಇದ್ದರೆ ಮುಂದಿನ ಅನುಮಾನ, ನಡೆಯುತ್ತಿರುವ ಕೆಲಸದ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ರ‍್ಯಾಮ್ ಮೇಲೆ. ಬಟನ್ ಒತ್ತಿದ ಮೇಲೆ ಬೀಪ್ ಬೀಪ್ ಅಂತ ಮತ್ತೆ ಮತ್ತೆ ಕೂಗುತ್ತಿದ್ದರಂತೂ ಮೊದಲು ನೋಡಬೇಕಾದದ್ದು ಅದನ್ನೇ. ರ‍್ಯಾಮ್ ಪಟ್ಟಿಯ ಅಂಚಿನಲ್ಲಿ ಚಿನ್ನದ ಬಣ್ಣದ ಸಣ್ಣ ಸಣ್ಣ ಗೆರೆಗಳಿರುತ್ತವೆ, ಅವು ಸ್ಲಾಟಿನ ಒಳಗಿನ ಲೋಹಕ್ಕೆ ತಾಗಿದರೆ ಮಾತ್ರ ಕೆಲಸ ನಡೆಯುತ್ತದೆ, ತೇವಕ್ಕೆ ದೂಳು ಸೇರಿ ಅಲ್ಲಿ ತೆಳುವಾದ ಪೊರೆ ಕಟ್ಟಿದರೆ ಆ ಸಂಪರ್ಕ ತಪ್ಪುತ್ತದೆ, ಅಷ್ಟೇ.

ಪ್ಲಗ್ ಪೂರ್ತಿ ಕಿತ್ತುಬಿಡಿ. ಡಬ್ಬವನ್ನು ಅಡ್ಡ ಮಲಗಿಸಿ, ಹಿಂದಿನ ಸ್ಕ್ರೂ ತೆಗೆದು ಪಕ್ಕದ ತಗಡು ಜಾರಿಸಿ. ಬಣ್ಣ ಹಚ್ಚದ ಲೋಹವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಥಾಯಿ ವಿದ್ಯುತ್ ಇಳಿಯಲಿ. ಒಳಗೆ ಇರುವೆ ಗೂಡು, ಹಲ್ಲಿ ಮೊಟ್ಟೆ, ಜಿರಳೆ ಕಂಡರೆ ಗಾಬರಿ ಬೇಡ, ಒಣ ಬ್ರಷ್‌ನಲ್ಲಿ ಮೆಲ್ಲಗೆ ತೆಗೆಯಿರಿ. ಫ್ಯಾನಿನ ದೂಳು ತೆಗೆಯುವಾಗ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ.

ರ‍್ಯಾಮ್‌ನ ತುದಿಯಲ್ಲಿರುವ ಕ್ಲಿಪ್ ಹೊರಕ್ಕೆ ಒತ್ತಿದರೆ ಪಟ್ಟಿ ಮೇಲೆ ಏಳುತ್ತದೆ. ಚಿನ್ನದ ಗೆರೆಗಳಿಗೆ ಬೆರಳು ತಾಗಿಸದೆ ಅಂಚು ಹಿಡಿದು ತೆಗೆಯಿರಿ. ಮಕ್ಕಳ ಬ್ಯಾಗಿನಲ್ಲಿರುವ ಮೆತ್ತನೆಯ ಬಿಳಿ ರಬ್ಬರ್‌ನಿಂದ ಎರಡೂ ಬದಿ ಹಗುರವಾಗಿ ಉಜ್ಜಿ. ಡಬ್ಬದ ಮೇಲೆ ಹಿಡಿದು ಉಜ್ಜಬೇಡಿ, ರಬ್ಬರ್ ಪುಡಿ ಸ್ಲಾಟಿನೊಳಗೆ ಬಿದ್ದರೆ ಇನ್ನೊಂದು ರಗಳೆ. ಐಸೋಪ್ರೊಪೈಲ್ ಆಲ್ಕೋಹಾಲ್ ಸಿಕ್ಕರೆ ಅದನ್ನು ಹತ್ತಿಗೆ ಹಾಕಿ ಒರೆಸುವುದು ಇನ್ನೂ ಒಳ್ಳೆಯದು, ಒರೆಸಿದ ಮೇಲೆ ಚೆನ್ನಾಗಿ ಆರಲಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತವೆ.

ಈಗ ಮತ್ತೆ ಕೂರಿಸಬೇಕು. ಪಟ್ಟಿಯ ಮಧ್ಯೆ ಒಂದು ಕಚ್ಚು ಇರುತ್ತದೆ, ಅದು ಸ್ಲಾಟಿನ ಉಬ್ಬಿಗೆ ಹೊಂದಿದರೆ ಮಾತ್ರ ಕೂರುತ್ತದೆ. ಟಕ್ ಅಂತ ಕ್ಲಿಪ್ ಹಾಕಿಕೊಳ್ಳುವ ತನಕ ಒತ್ತಿ. ಎರಡು ರ‍್ಯಾಮ್ ಇದ್ದರೆ ಒಂದನ್ನೇ ಹಾಕಿ ಆನ್ ಮಾಡಿ, ಆಗದಿದ್ದರೆ ಸ್ಲಾಟ್ ಬದಲಾಯಿಸಿ, ಆಮೇಲೆ ಇನ್ನೊಂದನ್ನು ಹಾಕಿ ನೋಡಿ. ಹೀಗೆ ಮಾಡಿದರೆ ಕೆಟ್ಟಿದ್ದು ಯಾವುದು ಅಂತ ತಾನೇ ಗೊತ್ತಾಗುತ್ತದೆ. ಪ್ರತಿ ಸಲವೂ ಪ್ಲಗ್ ಕಿತ್ತೇ ಕೈಹಾಕಬೇಕು, ಇದನ್ನು ಮರೆಯಬಾರದು.

ಎಲ್ಲ ಭಾಗಗಳೂ ಕೂತಿರುವ ದೊಡ್ಡ ಹಲಗೆಯಾದ ಮದರ್‌ಬೋರ್ಡೇ ಥಂಡಿ ಹಿಡಿದಂತೆ ಕಂಡರೆ ಮಳೆ ಹೊಳವಾದ ದಿನ ನೋಡಿ, ತೆರೆದಿಟ್ಟು, ಟೇಬಲ್ ಫ್ಯಾನಿನ ಎದುರು ಕೆಲವು ಗಂಟೆ ಬಿಡಿ. ಒಲೆ ಪಕ್ಕ ಬೇಡ, ಹೊಗೆ ಮತ್ತು ಬೂದಿ ತೇವಕ್ಕಿಂತ ಕೆಟ್ಟದ್ದು. ಸರಿಹೋದ ಮೇಲೆ ಮಳೆಗಾಲ ಮುಗಿಯುವ ತನಕ ಕೆಲಸವಿರಲಿ ಬಿಡಲಿ ದಿನಾ ಅರ್ಧ ಗಂಟೆ ಆನ್ ಮಾಡಿಡಿ. ಅದರ ಸ್ವಂತ ಬಿಸಿಯೇ ಒಳಗನ್ನು ಒಣಗಿಸುತ್ತದೆ.

ಗಡಿಯಾರ ಹಿಂದಕ್ಕೆ ಹೋಗಿದೆ, ಎಫ್1 ಒತ್ತು ಅನ್ನುತ್ತಿದೆ

ಮದರ್‌ಬೋರ್ಡ್ ಮೇಲೆ ಒಂದು ರೂಪಾಯಿ ನಾಣ್ಯದಂಥ ಬ್ಯಾಟರಿ ಇರುತ್ತದೆ. ಹೆಚ್ಚಿನವುಗಳಲ್ಲಿ ಸಿಆರ್2032, ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಅದು ಮುಗಿದರೆ ಕಂಪ್ಯೂಟರ್ ತಾರೀಕು ಮರೆಯುತ್ತದೆ, 'ಸಿಮಾಸ್ ಚೆಕ್‌ಸಮ್ ಎರರ್' ಅಂತ ತೋರಿಸುತ್ತದೆ. ಬೂಟ್ ಆದರೂ, ಅಂದರೆ ವಿಂಡೋಸ್ ಶುರುವಾದರೂ, ತಾರೀಕು ತಪ್ಪಾಗಿರುವುದರಿಂದ ಬ್ಯಾಂಕಿನ ವೆಬ್‌ಸೈಟ್ ತೆರೆಯುವುದಿಲ್ಲ. ವಾಚ್ ಅಂಗಡಿಯಲ್ಲಿ ಕೇಳಿದರೂ ಈ ಬ್ಯಾಟರಿ ಸಿಗುತ್ತದೆ. ಪ್ಲಸ್ ಗುರುತು ಮೇಲೆ ಬರುವಂತೆ ಹಾಕಿ.

ಇಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುವ ಜಾಗ ಒಂದಿದೆ. ಬ್ಯಾಟರಿ ಸತ್ತಾಗ, ವಿಂಡೋಸ್‌ಗೂ ಮೊದಲು ಓಡಿ ಕಂಪ್ಯೂಟರನ್ನು ಎಬ್ಬಿಸುವ ಪ್ರೋಗ್ರಾಂ ಆದ ಬಯೋಸ್‌ನ ಸೆಟ್ಟಿಂಗ್‌ಗಳು ಮೂಲಕ್ಕೆ ಮರಳುತ್ತವೆ. ಡಿಸ್ಕ್ ಓದುವ ವಿಧಾನ ಎಎಚ್‌ಸಿಐ ಇದ್ದದ್ದು ಬೇರೆಯದಕ್ಕೆ ಬದಲಾಗಿಬಿಟ್ಟರೆ ವಿಂಡೋಸ್ ಹೊರಟು ನೀಲಿ ಪರದೆಯಲ್ಲಿ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಅಂತ ನಿಲ್ಲುತ್ತದೆ. ನೋಡಿದವರು ಡಿಸ್ಕೇ ಹೋಯಿತು ಅಂದುಕೊಳ್ಳುತ್ತಾರೆ. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಬಯೋಸ್‌ಗೆ ಹೋಗಿ, ಆ ಒಂದು ಆಯ್ಕೆಯನ್ನು ವಾಪಸ್ ಮಾಡಿದರೆ ಎಲ್ಲ ಮೊದಲಿನಂತೆ. ಹೊಸ ಕಂಪ್ಯೂಟರ್‌ಗಳಲ್ಲಿ ಯುಇಎಫ್‌ಐ, ಲೆಗಸಿ ಅನ್ನುವ, ಕಂಪ್ಯೂಟರ್ ಶುರುವಾಗುವ ವಿಧಾನದ ಆಯ್ಕೆಯೂ ಹೀಗೇ ಅದಲುಬದಲಾಗಬಹುದು. ಕಂಪ್ಯೂಟರ್ ಚೆನ್ನಾಗಿರುವಾಗಲೇ ಬಯೋಸ್‌ನ ಪುಟಗಳ ಫೋಟೋ ಮೊಬೈಲ್‌ನಲ್ಲಿ ತೆಗೆದಿಡಿ, ಆಗ ಊಹಿಸುವ ಕೆಲಸ ಇರುವುದಿಲ್ಲ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ಇಂಥ ಬದಲಾವಣೆಯಾದ ಮೇಲೆ 48 ಅಂಕಿಯ ಕೀಲಿ ಕೇಳಬಹುದು, ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಮೊಬೈಲ್‌ನಿಂದ ಹೋಗಿ ಅದು ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

'ನೋ ಬೂಟೆಬಲ್ ಡಿವೈಸ್' ಅಂತ ಬಂದರೆ ಪೆನ್‌ಡ್ರೈವ್, ಕಾರ್ಡ್ ರೀಡರ್ ಎಲ್ಲ ತೆಗೆದು ಮತ್ತೆ ಆನ್ ಮಾಡಿ. ಆಮೇಲೆ ಹಾರ್ಡ್ ಡಿಸ್ಕಿನ ಎರಡೂ ಕೇಬಲ್ ಕಿತ್ತು ಬಿಗಿಯಾಗಿ ಹಾಕಿ. ಡಿಸ್ಕಿನಿಂದ ಟಕ್ ಟಕ್ ಅಂತ ಒಂದೇ ಸಮನೆ ಸದ್ದು ಬರುತ್ತಿದೆಯಾ? ತಕ್ಷಣ ಆಫ್ ಮಾಡಿ. ಒಂದೊಂದು ಸಲ ಆನ್ ಮಾಡಿದಾಗಲೂ ಉಳಿದ ಫೈಲು ಕಳೆದುಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ಅದು ಡೇಟಾ ರಿಕವರಿ ಮಾಡುವವರ ಕೆಲಸ.

ವಿಂಡೋಸ್ ಗುರುತು ಬಂದು ಸುತ್ತುತ್ತಲೇ ಇದೆ

ಅಪ್‌ಡೇಟ್ ನಡುವೆ ಕರೆಂಟು ಹೋಗಿದ್ದರೆ ಮೊದಲು ಒಂದೆರಡು ಗಂಟೆ ಕಾಯಿರಿ, ಹಳೇ ಹಾರ್ಡ್ ಡಿಸ್ಕ್ ಇದ್ದರೆ ಅಷ್ಟು ಹೊತ್ತು ಬೇಕಾಗುತ್ತದೆ. ಆಮೇಲೂ ಅಲ್ಲೇ ಇದ್ದರೆ, ಗುರುತು ಕಂಡಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ವಿಂಡೋಸ್ ತಾನಾಗಿಯೇ ರಿಪೇರಿ ಪರದೆ ತೋರಿಸುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗೆ ಹೋಗಿ ಸ್ಟಾರ್ಟಪ್ ರಿಪೇರಿ ಕೊಡಿ. ಅದರಿಂದ ಆಗದಿದ್ದರೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್, ಆಮೇಲೆ ಸಿಸ್ಟಮ್ ರಿಸ್ಟೋರ್. ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ರೀಸ್ಟಾರ್ಟ್ ಮಾಡಿ 4 ಒತ್ತಿದರೆ ಸೇಫ್ ಮೋಡ್, ಅಂದರೆ ತೀರಾ ಅಗತ್ಯವಾದ್ದನ್ನಷ್ಟೇ ಓಡಿಸುವ ವಿಂಡೋಸ್, ಬರುತ್ತದೆ. ಅಲ್ಲಿ ಸರಿಯಾಗಿ ಓಡಿದರೆ ಇತ್ತೀಚೆಗೆ ಹಾಕಿದ ಯಾವುದೋ ಪ್ರೋಗ್ರಾಂ ಅಥವಾ ಡ್ರೈವರ್ ಕಾರಣವಿರಬಹುದು, ಅದನ್ನು ತೆಗೆಯಿರಿ.

ಡಿಸ್ಕಿನ ದೋಷ ಹುಡುಕುವ ಚೆಕ್ ಡಿಸ್ಕ್ ಓಡಿಸಿ ಅಂತ ಬಹಳ ಜನ ಸಲಹೆ ಕೊಡುತ್ತಾರೆ. ನನ್ನ ಪ್ರಕಾರ ಫೈಲು ಕಾಪಿ ಮಾಡಿಕೊಳ್ಳುವ ಮೊದಲು ಅದು ಬೇಡ. ಬಳಲಿದ ಡಿಸ್ಕನ್ನು ಗಂಟೆಗಟ್ಟಲೆ ಓದಿಸಿದರೆ ಅದು ಪೂರ್ತಿ ಮಲಗಿಬಿಡಬಹುದು. ನೆಂಟರ ಮನೆಯಲ್ಲೋ ಪಕ್ಕದ ಮನೆಯಲ್ಲೋ ಬೇರೆ ಕಂಪ್ಯೂಟರ್ ಇದ್ದರೆ 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ ಬದಲು ಓಡಿಸಬಹುದಾದ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಮಿಂಟ್ ಹಾಕಿಕೊಂಡು ಬನ್ನಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿ ಇರುವುದನ್ನೇ ತೆಗೆದುಕೊಳ್ಳಿ. ಅದರಿಂದ ಬೂಟ್ ಮಾಡಿದರೆ ಏನನ್ನೂ ಇನ್‌ಸ್ಟಾಲ್ ಮಾಡದೆ ಪರದೆ ತೆರೆಯುತ್ತದೆ. ಅಲ್ಲಿ ಇನ್‌ಸ್ಟಾಲ್ ಅನ್ನುವುದನ್ನು ಮಾತ್ರ ಒತ್ತಬೇಡಿ. ಹಾರ್ಡ್ ಡಿಸ್ಕ್ ತೆರೆದು ಯೂಸರ್ಸ್ ಫೋಲ್ಡರನ್ನು ಇನ್ನೊಂದು ಡ್ರೈವ್‌ಗೆ ಕಾಪಿ ಮಾಡಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಫೋಟೋಗಳು ಸಾಮಾನ್ಯವಾಗಿ ಅದರ ಒಳಗೇ ಇರುತ್ತವೆ. ಡಿ ಡ್ರೈವ್‌ನಲ್ಲಿ ಇಟ್ಟಿದ್ದರೆ ಅದನ್ನೂ ಮರೆಯಬೇಡಿ.

ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ಹಳೇ ಕಡತಗಳಿದ್ದರೆ ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟ್‌ಗಳನ್ನೂ ತೆಗೆದುಕೊಳ್ಳಿ. ಅವುಗಳಲ್ಲಿ ಬಹಳಷ್ಟು ಯೂನಿಕೋಡ್ ಅಲ್ಲದ್ದರಿಂದ ಫಾಂಟ್ ಇಲ್ಲದೆ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಸಂಘದ ನಡಾವಳಿ, ಹಳೇ ಪತ್ರ ಟೈಪ್ ಮಾಡಿಟ್ಟ ಎಷ್ಟೋ ಮನೆಗಳಲ್ಲಿ ಹೀಗಾಗುತ್ತದೆ.

ಅಂಗಡಿಗೇ ಒಯ್ಯಬೇಕಾಗಿ ಬಂದರೆ

ಶಿವಮೊಗ್ಗದ ದುರ್ಗಿಗುಡಿಗೋ ನೆಹರೂ ರಸ್ತೆಗೋ ಹೊರಟಿರಿ ಅಂತಿಟ್ಟುಕೊಳ್ಳಿ. ಪರದೆ ಮೇಲೆ ಬಂದ ಸಂದೇಶದ ಫೋಟೋ, ಬೀಪ್ ಸದ್ದಿನ ವಿಡಿಯೊ ಮೊಬೈಲ್‌ನಲ್ಲಿರಲಿ, ಮನೆಯಲ್ಲಿ ಏನೇನು ಮಾಡಿ ನೋಡಿದಿರಿ ಅಂತಲೂ ಹೇಳಿ. ಎಸ್‌ಎಂಪಿಎಸ್ ಅಥವಾ ರ‍್ಯಾಮ್ ತೊಂದರೆ ಅಂತ ಖಚಿತವಾದರೆ ಹಾರ್ಡ್ ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಟ್ಟು ಹೋಗಬಹುದು, ಆ ರಿಪೇರಿಗೆ ಅದು ಬೇಕಾಗುವುದಿಲ್ಲ. ಬದಲಾಯಿಸಿದ ಹಳೇ ಭಾಗ ವಾಪಸ್ ಕೇಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಹಾಗಾಗಿ ಹೊಸದಾಗಿ ಹಾಕಿಸುವುದೇ ಆದರೆ ನಿಮ್ಮ ಯಂತ್ರಕ್ಕೆ ವಿಂಡೋಸ್ 11 ಹೊಂದುತ್ತದೆಯಾ ಅಂತ ಅಲ್ಲೇ ಕೇಳಿ ತಿಳಿದುಕೊಳ್ಳಿ. ಡಿಸ್ಕ್ ಸಮೇತ ಬಿಟ್ಟು ಬರುವುದಾದರೆ 'ಡೇಟಾ ಅಳಿಸಬಾರದು' ಅಂತ ರಸೀದಿಯ ಮೇಲೆ ಬರೆಸಿಕೊಂಡೇ ಬನ್ನಿ.